ಹತ್ತಡಿ ಕೋಣೆಯಲ್ಲಿ ಎಡದ ಪೆಟ್ಟಿನ ಹುಡುಕಾಟ

ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವವಳು ನಾನು. ಶಬ್ದದ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಲೆ ಹೊರಡುತ್ತದೆ, ಗೋಡೆಗೆ ಬಡಿಯುತ್ತದೆ, ತಿರುಗಿ ಬರುತ್ತದೆ. ಅಷ್ಟೇ! ಇಷ್ಟು ತಿಳಿದವಳಿಗೆ ಒಂದು ಸಣ್ಣ ಕೋಣೆಯ ಶಬ್ದವನ್ನು ಸರಿಪಡಿಸುವುದು ಯಾವ ದೊಡ್ಡ ಕೆಲಸ? ಒಂದು ಭಾನುವಾರ ತಿಂಡಿ ಮುಗಿಸಿ ಅನ್ನಕ್ಕೆ ಇಟ್ಟರೆ, ಅನ್ನ ಬೇಯುವುದರೊಳಗೆ ಮುಗಿದೀತು ಎಂದು ನಾನು ಅಂದಾಜು ಮಾಡಿದ್ದೆ.

ಮೂರು ವಾರ ಹಿಡಿಯಿತು. ಅನ್ನ ನಾಲ್ಕು ಸಲ ಸೀದಿತು.

ಇದೆಲ್ಲ ಶುರುವಾದದ್ದು ಬ್ರಹ್ಮಾವರದ ಒಂದು ಮದುವೆ ಊಟದಲ್ಲಿ. ನನ್ನ ಪಕ್ಕದ ಎಲೆಗೆ ನಾಗಪ್ಪಯ್ಯನವರು ಕುಳಿತಿದ್ದರು. ನಮ್ಮ ಕಡೆಯ ಯಕ್ಷಗಾನ ಮೇಳಗಳಲ್ಲಿ ನಲವತ್ತು ವರ್ಷ ಮದ್ದಳೆ ನುಡಿಸಿದ ಹಿರಿಯರು. ಕೆಲವು ವರ್ಷಗಳ ಹಿಂದೆ ಅವರ ಎಡಗೈಗೆ ಪಾರ್ಶ್ವವಾಯು ಬಡಿದು, ಮದ್ದಳೆ ಅಟ್ಟ ಸೇರಿತು. ಅದಕ್ಕೂ ಮೊದಲು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಅವರು ಒಬ್ಬರೇ ಕುಳಿತು ಹದಿನೆಂಟು ನಿಮಿಷ ಮದ್ದಳೆ ನುಡಿಸಿದ್ದರು. ಮೈಕಿನವರು ಅದನ್ನು ಬಹಳ ಚೆನ್ನಾಗಿ ರೆಕಾರ್ಡ್ ಮಾಡಿ ಒಂದು ಪೆನ್‌ಡ್ರೈವಿನಲ್ಲಿ ನನಗೆ ಕೊಟ್ಟಿದ್ದರು.

“ನಿಮ್ ಮದ್ದಳೆ ರೆಕಾರ್ಡ್ ಈಗ್ಳೂ ನನ್ ಹತ್ರ ಇತ್ತ್ ಗುರುಗಳೇ,” ಎಂದೆ ನಾನು.

ಅವರು ಪಾಯಸದ ಕೈಯನ್ನು ಹಾಗೆಯೇ ನಿಲ್ಲಿಸಿದರು. “ನಮ್ಮನಿ ಮೊಬೈಲಂಗೂ ಒಂದ್ ಇತ್ತ್ ಟೀಚ್ರೆ. ಕೇಂಡೆ. ಎಡದ್ ಪೆಟ್ಟೇ ಇಲ್ಲೆ ಕಾಣಿ! ತಗಡಿನ್ ಡಬ್ಬಿ ಹೊಡ್ದಂಗ್ ಆತ್ತ್. ಇದ್ ನಂದಲ್ಲ ಅಂದೆ, ಬಂದ್ ಮಾಡ್ಸ್ದೆ.” ಅನಂತರ ತಮ್ಮ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಎಡಗೈಯನ್ನು ನೋಡಿಕೊಂಡರು. “ಈ ಕೈಯ್ಯಂಗೆ ಎಂತ ಶಬ್ದ ಬತ್ತಿದ್ದಿತ್ ಅಂಬ್ದೇ ಮರ್ತ್ ಹೋಯ್ತ್.”

ನಾನು ನನ್ನ ಪಾಯಸ ತಿಂದು ಸುಮ್ಮನಿರಬೇಕಿತ್ತು. ಆದರೆ ನಾನು ಬಾಯಿ ತೆರೆದೆ!

“ನಮ್ಮನಿಗೆ ಬನ್ನಿ ಗುರುಗಳೇ. ಹಾಡು ಕೇಂಬುಕೇ ಅಂದೇಳಿ ನಾನ್ ಒಂದ್ ಕೋಣಿ ಮಾಡ್ಕಂಡಿದೆ. ದೊಡ್ಡ ವೂಫರ್ ಇತ್ತ್. ಎಡದ್ ಪೆಟ್ಟ್ ಎದಿಗೇ ಬಂದ್ ಬಡಿತ್ತ್!”

ಆ ಕ್ಷಣದಲ್ಲಿ ನನ್ನ ಬಳಿ ಕೋಣೆಯೂ ಇರಲಿಲ್ಲ, ವೂಫರೂ ಇರಲಿಲ್ಲ. ಅವರು ಮೂರು ವಾರ ಬಿಟ್ಟು ಬರುವ ಭಾನುವಾರಕ್ಕೆ ಒಪ್ಪಿದರು.

ಕೋಟೇಶ್ವರದ ನಮ್ಮ ಮನೆಯಲ್ಲಿ ಅಡಿಗೆಮನೆಗೆ ತಾಗಿದಂತೆ ಒಂದು ಸಣ್ಣ ಕೋಣೆ ಇದೆ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಊರಿಗೆ ಮರಳಿದ ನಮ್ಮ ಯಜಮಾನರು ಮಧ್ಯಾಹ್ನ ಮಲಗುತ್ತಿದ್ದದ್ದು ಅಲ್ಲಿ. ಅವರ ಮಂಚವನ್ನು ಚಾವಡಿಗೆ ಎಳೆದು, ಕೋಣೆಯನ್ನು ಟೇಪಿನಲ್ಲಿ ಅಳೆದೆ. ಉದ್ದ ಹತ್ತಡಿ. ಅಗಲ ಹತ್ತಡಿ. ಎತ್ತರವೂ ಹತ್ತಡಿ! ಎಷ್ಟು ಚೊಕ್ಕ, ಎಷ್ಟು ಶಿಸ್ತು ಎಂದು ನನಗೆ ಸಂತೋಷವೇ ಆಯಿತು. ಶಬ್ದದ ಮಟ್ಟಿಗೆ ಇದಕ್ಕಿಂತ ಕೆಟ್ಟ ಕೋಣೆಯನ್ನು ಹುಡುಕಿ ಕಟ್ಟಿಸಿದರೂ ಸಿಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕುಂದಾಪುರದಿಂದ ಎರಡು ಸ್ಪೀಕರ್, ಒಂದು ವೂಫರ್ ಬಂದವು. ವೂಫರೆಂದರೆ ದಪ್ಪ ಶಬ್ದಕ್ಕೆಂದೇ ಇರುವ, ಅಕ್ಕಿ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದನ್ನು ಮೂಲೆಯಲ್ಲಿಟ್ಟು, ಕೋಣೆಯ ಸರೀ ನಡುವೆ ಕುರ್ಚಿ ಹಾಕಿ, ಪೆನ್‌ಡ್ರೈವ್ ಚುಚ್ಚಿ, ಕಣ್ಣು ಮುಚ್ಚಿ ಕುಳಿತೆ. ಬಲದ ಪೆಟ್ಟು ಟಣ್ಣೆಂದು ಬಂತು. ದಪ್ಪ ದನಿಯ ಎಡದ ಪೆಟ್ಟು? ಇಲ್ಲವೇ ಇಲ್ಲ! ಶಬ್ದ ಹೆಚ್ಚಿಸಿದೆ. ಇಲ್ಲ. ಪೂರ್ತಿ ಹೆಚ್ಚಿಸಿದೆ. ಕಿಟಕಿಯ ಗಾಜು ನಡುಗಿತು, ಅಟ್ಟದ ಸ್ಟೀಲ್ ಪಾತ್ರೆಗಳು ಗಲಗಲ ಅಂದವು, ಆದರೆ ನನ್ನ ಕಿವಿಗೆ ಮಾತ್ರ ಏನೂ ಇಲ್ಲ. ವೂಫರ್ ಕೆಟ್ಟಿದೆಯೋ ಎಂದು ಮೂಲೆಗೆ ಹೋಗಿ ಬಗ್ಗಿದೆ. ಅಯ್ಯಯ್ಯಪ್ಪಾ! ಇಡೀ ಮದ್ದಳೆ ಅಲ್ಲಿಯೇ ಅಡಗಿ ಕೂತಿತ್ತು! ಅದೂ ಮದ್ದಳೆಯ ಹಾಗಲ್ಲ. “ತೋಂ” ಅನ್ನಬೇಕಾದದ್ದು “ಗುಂಂಂಂ” ಎಂದು ಎಳೆಯುತ್ತಿತ್ತು. ಒಂದು ಪೆಟ್ಟು ಮುಗಿಯುವ ಮೊದಲು ಮುಂದಿನದು ಅದರ ಮೇಲೆ ಹತ್ತಿ ಕುಳಿತುಕೊಳ್ಳುತ್ತಿತ್ತು.

ಯಜಮಾನರು ಬಾಗಿಲಲ್ಲಿ ಬಂದು ನಿಂತರು. “ಟೀಚರಮ್ಮಾ, ಆ ಪಂಪ್ ಬಂದ್ ಮಾಡ್. ಎಷ್ಟೊತ್ತಿಂದ ಹೊಡ್ಕಂತ್ ಇತ್ತ್!”

“ಅದ್ ಪಂಪಲ್ಲ, ಮದ್ದಳೆ!”

“ಮದ್ದಳೆಯಾ? ಬಾಪ್ ರೇ! ಬೇರಿಂಗ್ ಹೋಯ್ತ್ ಅಂದೇಳಿ ನಾನ್ ಮೆಕ್ಯಾನಿಕ್ಕಿಗೆ ಫೋನ್ ಮಾಡಿಯಾಯ್ತಲೆ!”

ಮೆಕ್ಯಾನಿಕ್ ಬಂದ. ಪಂಪು ಬಿಚ್ಚಿ, ನೋಡಿ, ಜೋಡಿಸಿ, ಚಾ ಕುಡಿದು ಹೋದ. ಆ ದಿನದಿಂದ ಪಂಪು ಮಾತ್ರ ಸರಿಯಿಲ್ಲ.

ಆಗ ನಾನು ನನ್ನ ಪಾಠವನ್ನು ನಾನೇ ಮತ್ತೆ ಓದಿದೆ. ದಪ್ಪ ಶಬ್ದದ ಅಲೆ ಬಲು ಉದ್ದ. ಸಣ್ಣ ಕೋಣೆಯಲ್ಲಿ ಅದು ಎದುರುಬದುರು ಗೋಡೆಗಳ ನಡುವೆ ಹೋಗಿ ಬಂದು ಮಾಡುತ್ತಾ ಗೋಡೆಯ ಹತ್ತಿರ, ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ನಡುವೆ ಸೊನ್ನೆಯಾಗುತ್ತದೆ. ಕೋಣೆ ಎಲ್ಲ ಕಡೆಗೂ ಒಂದೇ ಅಳತೆಯಾದರೆ ಈ ತೊಂದರೆ ಮೂರು ಪಟ್ಟು. ಇದನ್ನೇ ನಾನು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆದು, ಅರ್ಥವಾಗದ ಮಕ್ಕಳನ್ನು ನಿಲ್ಲಿಸುತ್ತಿದ್ದೆ. ಈಗ ನಾನೇ ಸೊನ್ನೆಯ ಮೇಲೆ ಕುರ್ಚಿ ಹಾಕಿ ಕುಳಿತಿದ್ದೆ!

ಹೋಗಲಿ, ಕಾರಣ ತಿಳಿಯಿತಲ್ಲ! ಅರ್ಧ ಗೆದ್ದಂತೆಯೇ! ಸ್ಟಾಫ್ ರೂಮಿನಲ್ಲಿ ಯಾರೋ ಮೊಟ್ಟೆಯ ಟ್ರೇ ಅಂಟಿಸಿದರೆ ಶಬ್ದ ಸರಿಯಾಗುತ್ತದೆ ಎಂದರು. ಎರಡು ಬೇಕರಿ, ಒಂದು ಕೋಳಿ ಅಂಗಡಿ ಸುತ್ತಿ ನೂರೈವತ್ತು ಟ್ರೇ ತಂದೆ. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬರುವಾಗ ಪಕ್ಕದ ಮನೆಯ ಗಿರಿಜಕ್ಕ ಬೇಲಿಯ ಮೇಲಿಂದ ಕಂಡರು. ಅವರ ಕಣ್ಣಿಂದ ತಪ್ಪಿಸಿಕೊಂಡು ನಮ್ಮ ಓಣಿಯಲ್ಲಿ ಒಂದು ಬೆಕ್ಕೂ ಮರಿ ಹಾಕಿದ್ದಿಲ್ಲ.

“ಹ್ವಾಯ್ ಟೀಚ್ರೇ! ಕೋಳಿ ಸಾಕುಕೆ ಶುರು ಮಾಡ್ದ್ರ್ಯಾ?”

“ಅಲ್ಲ ಗಿರಿಜಕ್ಕ, ಇದ್ ಶಬ್ದ ತಡೂಕೆ.”

“ಹಾಂ ಹಾಂ, ಕೋಳಿ ಕೂಗುದ್ ಹೊರ್ಗ್ ಕೇಂಬುಕಾಗ, ಅಲ್ದಾ? ಒಳ್ಳೇದಾಯ್ತ್, ನಮ್ಗೇ ತೊಂದ್ರಿ ಇಲ್ಲೆ.”

ಮೂರು ದಿನ ಸಂಜೆ ಏಣಿ ಹತ್ತಿ ಅಂಟಿಸಿದೆ. ಗೋಡೆ, ಬಾಗಿಲು, ತಲೆಯ ಮೇಲಿನ ಮಾಡು, ಎಲ್ಲ ಕಡೆ ಮೊಟ್ಟೆ ಟ್ರೇ! ನಾಲ್ಕನೆಯ ದಿನ ಇಬ್ಬರು ಹೆಂಗಸರು ಚೀಲ ಹಿಡಿದು ಗೇಟಿಗೆ ಬಂದರು. “ಊರ್ ಕೋಳಿ ಮೊಟ್ಟೆ ಸಿಕ್ಕತ್ತ್ ಅಂಬ್ರಲೆ?” ಇಲ್ಲವೆಂದರೆ ನಂಬಲಿಲ್ಲ. “ಗಿರಿಜಕ್ಕಂಗ್ ಆರೆ ಕೊಡ್ತ್ರಿ, ನಮ್ಗ್ ಇಲ್ಯಾ?” ಎಂದು ಮುಖ ಊದಿಸಿಕೊಂಡು ಹೋದರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ, ಎಡದ ಪೆಟ್ಟು ಸರಿಯಾಗಿದ್ದರೆ! ಮೊಟ್ಟೆ ಟ್ರೇ ತೆಳು. ಅದು ನುಂಗುವುದು ಸಣ್ಣ, ಚೂಪು ಶಬ್ದಗಳನ್ನು. ದಪ್ಪ ಶಬ್ದಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈಗ ಟಣ್ಣೆನ್ನುತ್ತಿದ್ದ ಬಲದ ಪೆಟ್ಟೂ ಹೋಯಿತು. ಉಳಿದದ್ದು “ಗುಂಂಂಂ” ಮಾತ್ರ!

ಉಳಿದದ್ದು ಹತ್ತು ದಿನ. ದಪ್ಪ ಶಬ್ದಕ್ಕೆ ದಪ್ಪ ಮದ್ದೇ ಬೇಕು, ಅದೂ ಮೂಲೆಗಳಲ್ಲಿ ನೆಲದಿಂದ ಮಾಡಿನವರೆಗೆ ಎಂದು ಓದಿ ತಿಳಿದೆ. ಪೇಟೆಯ ಸಾಮಾನಿಗೆ ಕಾಯಲು ಸಮಯವಿರಲಿಲ್ಲ. ತೆಂಗಿನ ನಾರು ಯಾಕಾಗಬಾರದು? ನನಗೆ ನಾನೇ ಶಭಾಷ್ ಎಂದುಕೊಂಡು, ಹೆಮ್ಮಾಡಿ ಕಡೆಯಿಂದ ಒಂದು ಗೂಡ್ಸ್ ರಿಕ್ಷಾ ತುಂಬ ನಾರು ತರಿಸಿದೆ. ಹನ್ನೆರಡು ಗೋಣಿಚೀಲಗಳಿಗೆ ತುರುಕಿ, ಮೂಲೆಗೆ ಮೂರರಂತೆ ಒಂದರ ಮೇಲೊಂದು ಪೇರಿಸಿ, ಹಗ್ಗದಿಂದ ಕಟ್ಟಿದೆ. ಚೀಲ ಎತ್ತಿಕೊಟ್ಟವರು ಯಜಮಾನರು. ಪ್ರತಿ ಚೀಲಕ್ಕೂ ಏಳೆಂಟು ಸೀನು! ನಾರಿನ ಧೂಳು ಅವರ ಮೀಸೆಯಲ್ಲಿ ಕಂದು ಬಣ್ಣಕ್ಕೆ ಕುಳಿತಿತ್ತು.

“ಟೀಚರಮ್ಮಾ, ಆಕ್ಷೀ! ಮುಂಬಯಂಗೆ ನಾನ್ ಇಪ್ಪತ್ ಪ್ಲೇಟ್, ಆಕ್ಷೀ! ಒಟ್ಟಿಗ್ ಹೊತ್ತವ. ಇಂಥಾ ಕೆಲ್ಸ, ಆಕ್ಷೀ!”

“ಸೀನ್ಬೇಡಿ, ಕೇಣಿ, ಕೇಣಿ! ಈಗ ಕಮ್ಮಿ ಆಯ್ತ್!”

ನಿಜವಾಗಿಯೂ ಕಮ್ಮಿಯಾಗಿತ್ತು! “ಗುಂಂಂಂ” ಎಂಬುದು “ಗುಂಂ” ಆಗಿತ್ತು! ಎರಡು ಸೊನ್ನೆ ಗೆದ್ದ ಖುಷಿಯಲ್ಲಿ ನಾನು ಕುಣಿದೇ ಬಿಟ್ಟೆ. ಕುಣಿದ ಮೇಲೆ ನಡುವಿನ ಕುರ್ಚಿಯಲ್ಲಿ ಹೋಗಿ ಕುಳಿತೆ. ಅಲ್ಲಿ ಮೊದಲಿನಂತೆಯೇ ಏನೂ ಇಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಲು ನೋಡಿದೆ. ಎಲ್ಲಿಗೆ ಸರಿಸುವುದು? ಹಿಂದೆ ಎರಡೂ ಮೂಲೆಯಿಂದ ಉಬ್ಬಿ ನಿಂತ ಗೋಣಿಚೀಲ!

ಕೊನೆಯ ಉಪಾಯವೊಂದಿತ್ತು. ವೂಫರನ್ನು ಕುರ್ಚಿಯ ಮೇಲೆ ಕೂರಿಸಬೇಕು. ಕೇಳುವವರು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಗುಂಟ ಹೋಗಬೇಕು. ಎಲ್ಲಿ ಶಬ್ದ ಚೆನ್ನಾಗಿ ಕೇಳುತ್ತದೋ ಅಲ್ಲಿ ಆಮೇಲೆ ವೂಫರ್ ಇಟ್ಟರೆ, ಕುರ್ಚಿಯಲ್ಲಿ ಕುಳಿತವರಿಗೂ ಅಷ್ಟೇ ಚೆನ್ನಾಗಿ ಕೇಳುತ್ತದೆ. ಇದು ತಮಾಷೆಯಲ್ಲ, ಬಲ್ಲವರು ಮಾಡುವ ಕ್ರಮವೇ.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ನೈಟಿ ಹಾಕಿ, ಕೂದಲು ಮೇಲೆ ಕಟ್ಟಿ, ಮಂಡಿಯೂರಿದೆ. ಕುರ್ಚಿಯ ಮೇಲೆ ವೂಫರ್ ಗಂಭೀರವಾಗಿ ಕುಳಿತಿತ್ತು. ನಾನು ಕಿವಿಯನ್ನು ನೆಲಕ್ಕೆ ಸಮವಾಗಿ ತಂದು, ಕಣ್ಣು ಮುಚ್ಚಿ, ಒಂದೊಂದೇ ಅಡಿ ಮುಂದೆ ಹೋಗುತ್ತಾ “ಇಲ್ಲಿಲ್ಲ, ಇಲ್ಲೂ ಇಲ್ಲ” ಎಂದು ಹೇಳಿಕೊಳ್ಳುತ್ತಿದ್ದೆ. ಎರಡು ಸುತ್ತು ಆಗುವಷ್ಟರಲ್ಲಿ ಕಿಟಕಿಯಿಂದ ಒಂದು ಚೀರಾಟ!

“ಅಯ್ಯೋ ದೇವ್ರೇ! ಹ್ವಾಯ್, ಬೆರ್ಸ್ ಬನ್ನಿ! ಟೀಚ್ರಿಗೆ ಎಂತದೋ ಆಯ್ತ್!”

ಗಿರಿಜಕ್ಕ! ನಾನು ಕಣ್ಣು ತೆರೆಯುವಷ್ಟರಲ್ಲಿ ಅವರು ಕಿಟಕಿ ಬಿಟ್ಟು ಒಳಗೇ ಬಂದಿದ್ದರು. ಕೈಯಲ್ಲಿ ಒಂದು ತಂಬಿಗೆ ನೀರು. ಯಜಮಾನರೂ ಓಡಿ ಬಂದರು.

“ಎಂತ ಆಯ್ಲೆ ಗಿರಿಜಕ್ಕ, ಅವ್ಳ್ ವೂಫರಿಗೆ ಜಾಗ ಹುಡ್ಕುದ್,” ಎಂದರು ಅವರು.

ಗಿರಿಜಕ್ಕ ಕುರ್ಚಿಯ ಮೇಲಿನ ಪೆಟ್ಟಿಗೆಯನ್ನು ನೋಡಿದರು. ನೆಲದ ಮೇಲಿನ ನನ್ನನ್ನು ನೋಡಿದರು. “ಅದ್ ಮೇಲ್ ಕೂಕಂಡಿತ್. ಇವ್ರ್ ಕೆಳ್ಗ್ ಹರಿತಾ ಇದ್ರ್,” ಎಂದು ನಿಧಾನವಾಗಿ, ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ ನನ್ನ ತಲೆ ಸವರಿ, “ಪರೀಕ್ಷೆ ಪೇಪರ್ ತಿದ್ದಿ ತಿದ್ದಿ ಹೀಂಗ್ ಆತ್ತ್ ಟೀಚ್ರೇ. ನಾಕ್ ದಿನ ರಜಿ ಹಾಕಿ,” ಎಂದರು.

ನಾನು ಎದ್ದು ವಿವರಿಸಲು ಹೋದೆ. ಎದ್ದರೆ ತಾನೇ! ಸೊಂಟ ಹಿಡಿದಿತ್ತು. ಅವರಿಬ್ಬರೂ ಸೇರಿ ನನ್ನನ್ನು ಎತ್ತಿ ನಿಲ್ಲಿಸಿದರು. ಅಷ್ಟಾದರೂ ಜಾಗ ಸಿಕ್ಕಿತ್ತು! ಎಡದ ಪೆಟ್ಟು ಇದ್ದುದರಲ್ಲಿ ಚೆನ್ನಾಗಿ ಕೇಳುತ್ತಿದ್ದದ್ದು ಒಂದೇ ಕಡೆ: ಸರಿಯಾಗಿ ಬಾಗಿಲಿನ ನಡುವೆ. ಅಲ್ಲಿ ವೂಫರ್ ಇಟ್ಟರೆ ಬಾಗಿಲು ಹಾಕಲಾಗದು. ಬಾಗಿಲು ಹಾಕಿದರೆ ವೂಫರ್ ಇಡಲಾಗದು. ಕೊನೆಗೆ ಬಾಗಿಲ ಪಕ್ಕದಲ್ಲಿ ಒಳಗೋಡೆಗೆ ಒತ್ತಿ ಇಟ್ಟೆ. ಗುರುಗಳು ಬರುವುದು ಮರುದಿನವೇ ಆಗಿತ್ತು.

ಭಾನುವಾರ ಹತ್ತು ಗಂಟೆಗೆ ನಾಗಪ್ಪಯ್ಯನವರು ರಿಕ್ಷಾದಿಂದ ಇಳಿದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಗಂಧ. ಮದುವೆಯ ಮನೆಗೆ ಬಂದವರ ಹಾಗೆ ಬಂದಿದ್ದರು.

“ದಾರಿಯಂಗೆ ತೊಂದ್ರಿ ಆಯ್ಲಿಲ್ಲ ಅಲ್ದಾ ಗುರುಗಳೇ?” ಎಂದೆ.

“ಹೌದ್ ಹೌದ್, ಕಡುಬಾರೆ ಎರಡ್ ಸಾಕ್,” ಎಂದರು ಅವರು. ಅಡಿಗೆಮನೆಯಿಂದ ಬರುತ್ತಿದ್ದ ಪರಿಮಳಕ್ಕೆ ಹೇಳಿದರು ಎಂದುಕೊಂಡೆ.

ಕಡುಬು ತಿಂದಾದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಕಿಟಕಿ ಹಾಕಿದೆ. ಬಾಗಿಲು ಹಾಕಿದೆ. ಫ್ಯಾನಿನ ಸದ್ದು ಅಡ್ಡ ಬರಬಾರದೆಂದು ಅದನ್ನೂ ನಿಲ್ಲಿಸಿದೆ. ಸುತ್ತಲೂ ಮೊಟ್ಟೆ ಟ್ರೇ, ಮೂಲೆಗಳಲ್ಲಿ ಗೋಣಿಚೀಲ, ನಡುವೆ ನೆಟ್ಟಗೆ ಕುಳಿತ ಗುರುಗಳು. ಗಟ್ಟಿ ಉಸಿರೆಳೆದು ಗುಂಡಿ ಒತ್ತಿದೆ.

ಮದ್ದಳೆ ಶುರುವಾಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಇಲ್ಲ. ಬೆವರು ಮಾತ್ರ ಹಣೆಯಿಂದ ಇಳಿದು ಗಂಧವನ್ನು ಮೂಗಿಗೆ ತಂದಿತು. ಶಬ್ದ ಹೆಚ್ಚಿಸಿದೆ. ಏನೂ ಇಲ್ಲ. ಇನ್ನೂ ಹೆಚ್ಚಿಸಿದೆ. ಆಗ ಎಡದ ಮೂಲೆಯ ಮೇಲಿನ ಚೀಲ ಮೆಲ್ಲಗೆ ತಲೆಯಾಡಿಸಿತು!

ನಾನು ಕೈ ಚಾಚುವಷ್ಟರಲ್ಲಿ ಹಗ್ಗ ಸಡಿಲಿ ಚೀಲ ಕೆಳಗೆ ಬಂತು. ಬರುವಾಗ ಮೊಟ್ಟೆ ಟ್ರೇಗಳ ಒಂದು ಸಾಲನ್ನು ಕಿತ್ತುಕೊಂಡು ಬಂತು. ಆ ಸಾಲು ಪಕ್ಕದ ಸಾಲನ್ನು ಕರೆಯಿತು. ಅಂಟಿಸಿದ ಕ್ರಮದಲ್ಲೇ, ಒಂದನ್ನೂ ಬಿಡದೆ, ಇಡೀ ಗೋಡೆ ಪಟಪಟನೆ ಉದುರಿತು. ಕೊನೆಯ ಟ್ರೇ ಗುರುಗಳ ತಲೆಯ ಮೇಲೆ ಟೋಪಿಯಂತೆ ಬಂದು ಕುಳಿತಿತು.

ಅವರು ಅದನ್ನು ತೆಗೆದು, ತಿರುಗಿಸಿ ನೋಡಿ, ನನಗೆ ಕೊಟ್ಟರು. “ಸೆಕಿ ಟೀಚ್ರೆ. ಒಂಚೂರ್ ಚಾ ಕುಡಿವ,” ಎಂದು ಎದ್ದರು.

ನನಗೆ ಅಳು ಬರುವುದೊಂದು ಬಾಕಿ. ಅವರನ್ನು ಅಡಿಗೆಮನೆಗೆ ಕರೆದೊಯ್ದೆ. ಆ ಕೋಣೆಗೆ ತಾಗಿದ ಗೋಡೆಗೆ ಒಂದು ಮರದ ಬೆಂಚು ಹಾಕಿದ್ದೇವೆ. ಅದರ ಮೇಲೆ ಕುಳಿತು ಬೆನ್ನನ್ನು ಗೋಡೆಗೆ ಕೊಟ್ಟರು. ಯಜಮಾನರು ಒಲೆಯ ಮುಂದೆ ಚಾ ಕುದಿಸುತ್ತಿದ್ದರು. ನಾನು ಕ್ಷಮೆ ಕೇಳುವುದು ಹೇಗೆಂದು ಮಾತು ಜೋಡಿಸುತ್ತಾ ತಲೆ ತಗ್ಗಿಸಿ ನಿಂತಿದ್ದೆ.

“ಶ್!” ಎಂದರು ಗುರುಗಳು.

ತಲೆ ಎತ್ತಿದೆ. ಅವರು ಪಕ್ಕಕ್ಕೆ ತಿರುಗಿ ಬಲದ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಕಣ್ಣು ಮುಚ್ಚಿತ್ತು. ಮಡಿಲಲ್ಲಿದ್ದ ಎಡಗೈಯ ಎರಡು ಬೆರಳು ಮೆಲ್ಲಗೆ ಏಳುತ್ತಿದ್ದವು, ಬೀಳುತ್ತಿದ್ದವು. ಆಗ ನನಗೂ ಕೇಳಿತು. ತೋಂ! ದುಂಡಗೆ, ತುಂಬಿ, ಒಂದಕ್ಕೊಂದು ತಾಗದೆ, ತೋಂ! ತೋಂ! ಗೋಡೆಯ ಒಳಗಿಂದಲೇ ಬರುತ್ತಿತ್ತು! ಮೂರು ವಾರ ನಾನು ನೆಲದ ಮೇಲೆ ಹರಿದು ಹುಡುಕಿದ ಎಡದ ಪೆಟ್ಟು ಒಗ್ಗರಣೆ ಸೌಟಿನ ಪಕ್ಕದಲ್ಲಿ ನಿಂತಿತ್ತು!

“ಇದ್! ಇದೇ!” ಎಂದರು ಗುರುಗಳು, ಕಣ್ಣು ತೆರೆಯದೆ. “ಇದ್ ನಂದ್! ಈಗ್ ಕಾಣಿ, ಮುಕ್ತಾಯಕ್ಕೆ ಬತ್ತ್... ಈಗ!” ಸರಿಯಾಗಿ ಅದೇ ಗಳಿಗೆಯಲ್ಲಿ ಮುಕ್ತಾಯ ಬಂತು. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ನನ್ನದೂ ಅದೇ ಕತೆ. ಯಜಮಾನರು ಸೌಟು ಹಿಡಿದು ನಿಂತೇ ಇದ್ದರು, ಚಾ ಉಕ್ಕಿ ಒಲೆ ತುಂಬ ಹರಿಯಿತು. ಯಾರೂ ಅಲುಗಾಡಲಿಲ್ಲ. ಹದಿನೆಂಟು ನಿಮಿಷದ ರೆಕಾರ್ಡು ಮುಗಿದು ಎರಡನೆಯ ಸಲ ಶುರುವಾದರೂ ಅವರು ಗೋಡೆಯಿಂದ ಕೈ ತೆಗೆಯಲಿಲ್ಲ.

ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, “ಒಳ್ಳೇದಾಗ್ಲಿ ಟೀಚ್ರೆ. ಏಳ್ ವರ್ಷ ಆದ್ಮೇಲೆ ನನ್ ಕೈ ನಂಗ್ ಸಿಕ್ತ್,” ಎಂದರು. ಆ ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೆ ನಾನು ನೆಲದ ಮೇಲಿರಲಿಲ್ಲ. ಸೊಂಟನೋವೂ ಮರೆತಿತ್ತು. ಇಪ್ಪತ್ತಾರು ವರ್ಷದ ವಿದ್ಯೆ ಸಾರ್ಥಕ! ನಾರಿನ ಚೀಲದ ಬಗ್ಗೆ ಒಂದು ಲೇಖನವನ್ನೇ ಬರೆಯಬೇಕು ಎಂದುಕೊಂಡೆ.

ಸಂಜೆ ಅವರ ಸೊಸೆಯ ಫೋನ್ ಬಂತು.

“ಟೀಚ್ರೇ, ಮಾವ ಮನಿಗ್ ಮುಟ್ಟಿದ್ರ್. ಭಾರೀ ಖುಷಿಯಂಗಿದ್ರ್. ಆದ್ರೆ ಪಾಪ, ನಿಮ್ಗ್ ಬಾಳ ತೊಂದ್ರಿ ಆಯ್ತ್ ಕಾಂತ್. ಅವ್ರ್ ಕೆಮಿ ಮಿಷನ್ ಇಲ್ಲೇ ಮೇಜಿನ್ ಮೇಲೆ ಬಿಟ್ಟ್ ಹೋಯಿದ್ರ್!”

“ಕೆಮಿ ಮಿಷನ್ನಾ? ಕಿವಿಗ್ ಹಾಕುದಾ?”

“ಹೌದ್, ಅದಿಲ್ದಿರೆ ಅವ್ರಿಗ್ ಎಂತದೂ ಕೇಂತಿಲ್ಲೆ. ಗುಡುಗು ಬಂದ್ರೂ ಮಿಂಚು ಕಂಡ್ ಹೇಳುದ್.”

ನಾನು ಗೋಡೆಗೆ ಆತುಕೊಂಡೆ. “ಹಾಂಗಾರೆ ಅವ್ರ್ ಎಂತ ಕೇಂಡದ್?”

“ಅದೇ ನಾನೂ ಕೇಂಡೆ. ಟೀಚ್ರ್ ಮನಿ ಗ್ವಾಡಿ ಭಾರೀ ಲಾಯ್ಕ್ ಮದ್ದಳೆ ಹೊಡಿತ್ತ್ ಅಂಬ್ರ್. ಕೈಗ್ ಸರೀ ಗೊತ್ತಾತ್ತ್ ಅಂಬ್ರ್. ಇಲ್ಲ್ ಬಂದ್ ನಮ್ಮನಿ ಗ್ವಾಡಿನೂ ಒಂದೊಂದೇ ಮುಟ್ಟಿ ಕಾಣ್ತಾ ಇದ್ರ್.”

ಫೋನ್ ಇಟ್ಟ ಮೇಲೆ ಈ ಯಶಸ್ಸಿನಲ್ಲಿ ಯಾರ ಪಾಲು ಎಷ್ಟು ಎಂದು ಯೋಚಿಸಿದೆ. ಮದ್ದಳೆ ನುಡಿಸಿದ್ದು ಗುರುಗಳು. ಗೋಡೆ ಕಟ್ಟಿದ್ದು ಮೇಸ್ತ್ರಿ. ಅವರನ್ನು ಬೆಂಚಿನ ಮೇಲೆ ಕೂರಿಸಿದ್ದು ಯಜಮಾನರ ಚಾ. ಇನ್ನು ಉಳಿದವಳು ನಾನು. ನಾನು ಮಾಡಿದ್ದು ಒಂದೇ: ಕೋಣೆಯಿಂದ ಹೊರಗೆ ಬರುವಾಗ, ಗಾಬರಿಯಲ್ಲಿ, ಸ್ವಿಚ್ಚು ಆಫ್ ಮಾಡಲು ಮರೆತದ್ದು!